ಕೇಶಿರಾಜನ ಸೂತ್ರಗಳೂ ಗಣಕಯಂತ್ರದ ಪದವಿಚ್ಛೇದವೂ

೧. ವಿಷಯಪ್ರವೇಶ

ಕನ್ನಡ ವ್ಯಾಕರಣಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಕವಿರಾಜಮಾರ್ಗದಲ್ಲಿ ಅಲ್ಲಲ್ಲಿ ದೊರೆಯುವ ವ್ಯಾಕರಣವಿಚಾರಗಳಿಂದ ತೊಡಗಿ, ನಾಗವರ್ಮ, ಕೇಶಿರಾಜ, ಭಟ್ಟಾಕಳಂಕರನ್ನು ಕ್ರಮವಾಗಿ ವಿಮರ್ಶಿಸಿ, ಕಿಟೆಲ್ ಸಾಹೇಬರು ೧೯೦೩ರಲ್ಲಿ ಪ್ರಕಟಿಸಿದ ವ್ಯಾಕರಣದವರೆಗೆ ಬಂದು, ಆ ಮೇಲೆ ಹುಟ್ಟಿದ ಶಾಲಾವ್ಯಾಕರಣಗಳ ಹೆಸರುಗಳನ್ನು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಆದರೆ ಕಳೆದ ಸುಮಾರು ನಾಲ್ವತ್ತು ವರ್ಷಗಳಲ್ಲಿ ಈ ಶಾಸ್ತ್ರವೃಕ್ಷಕ್ಕೆ ಇನ್ನೊಂದು ಕೊಂಬೆ ಒಡೆದಿದೆ. ಗಣಕಯಂತ್ರದ ಮೂಲಕ ಪದವನ್ನು ಪ್ರಕೃತಿ-ಪ್ರತ್ಯಯಗಳಾಗಿ ಬಿಡಿಸುವ ತಂತ್ರಾಂಶಗಳ ರಚನೆಯೇ ಆ ಕೊಂಬೆ. ಇದನ್ನು ಬೆಳೆಸಿದವರು ಬಹುಮಟ್ಟಿಗೆ ಗಣಿತಜ್ಞರೂ ಯಂತ್ರಶಾಸ್ತ್ರಜ್ಞರೂ ಆದುದರಿಂದ ನಮ್ಮ ವಿದ್ವದ್ವರ್ಗವು ಇದನ್ನು ಪರಕೀಯವೆಂದೆಣಿಸಿ ಉಪೇಕ್ಷಿಸಿದೆ. ಆ ಉಪೇಕ್ಷೆಗೆ ತಕ್ಕ ಕಾರಣವಿಲ್ಲವೆಂದೂ ಅದರಿಂದ ಕನ್ನಡಕ್ಕೆ ಹಾನಿಯುಂಟೆಂದೂ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಈ ಲೇಖಕನು ಸಂಸ್ಕೃತ ಪಾಠಶಾಲೆಗಳಲ್ಲಿ ಕೌಮುದಿಯನ್ನೋದಿ ಬೆಳೆದವನು, ಗಣಕವಿದ್ಯೆಯಲ್ಲಿ ಕೃತಪರಿಶ್ರಮನಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರದೊಳಗೆ ಸೇರಿಹೋಗಿರುವ ಸತ್ತೂರಿನಲ್ಲಿ ವಾಸವಾಗಿರುವ ನಿಮಿತ್ತದಿಂದ ಈ ವಿಷಯವು ಅವನ ಕಣ್ಣಿಗೆ ಬಿದ್ದಿತು. ಸತ್ತೂರಿನ ಬಳಿ, ಇಟಿಗಟ್ಟಿಯ ರಸ್ತೆಯಲ್ಲಿ, ಧಾರವಾಡದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಿದೆ. ೨೦೧೫ರಲ್ಲಿ ಆರಂಭವಾಗಿ ಮೊದಮೊದಲು ಹುಬ್ಬಳ್ಳಿಯಲ್ಲಿ ನಡೆಯುತ್ತಿದ್ದ ಈ ಸಂಸ್ಥೆಯ ಸ್ವಂತ ಪ್ರಾಂಗಣವನ್ನು ೨೦೨೨ನೆಯ ಇಸವಿ ಸಪ್ಟಂಬರ ೨೬ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಇತ್ತ ಧಾರವಾಡದಲ್ಲಿ ೧೮೯೦ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವೂ, ೧೯೩೯ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯೂ, ಕಿಟೆಲ್ ಸಾಹೇಬರ ಹೆಸರನ್ನು ಹೊತ್ತ ಕಾಲೇಜೂ ಇವೆ. ಹಳೆಯ ವಿದ್ಯೆಯ ಮನೆಗಳಿಗೂ ಹೊಸ ವಿದ್ಯೆಯ ಮನೆಗೂ ನಡುವೆ ಇರುವ ಅಂತರವು ಕೆಲವೇ ಮೈಲಿ. ಆದರೆ ಆ ದಾರಿಯಲ್ಲಿ ಹೋಗಿ ಬರುವವರು ವಿರಳ.

೨. ಕೂಡಿಸುವ ಶಾಸ್ತ್ರ, ಬಿಡಿಸುವ ಶಾಸ್ತ್ರ

ಪದವನ್ನು ಬಿಡಿಸುವ ವಿದ್ಯೆಯು ನಮ್ಮಲ್ಲಿ ವ್ಯಾಕರಣಕ್ಕಿಂತಲೂ ಹಳೆಯದು. ಋಗ್ವೇದಕ್ಕೆ ಪದಪಾಠವನ್ನು ರಚಿಸಿದ ಶಾಕಲ್ಯನು ಸಂಹಿತೆಯ ಸಂಧಿಗಳನ್ನು ಬಿಡಿಸಿ ಪದಗಳನ್ನು ಬೇರೆಬೇರೆಯಾಗಿ ಇಟ್ಟನಲ್ಲದೆ, ಸಮಾಸಗಳ ಅವಯವಗಳನ್ನೂ ಕೆಲವು ವಿಭಕ್ತಿಪ್ರತ್ಯಯಗಳನ್ನೂ ಅವಗ್ರಹದಿಂದ ಬೇರ್ಪಡಿಸಿ ತೋರಿಸಿದನು. ಪಾಣಿನಿಯು ಆತನ ಹೆಸರನ್ನು ಸ್ಮರಿಸುತ್ತಾನೆ. ಆದರೆ ಪಾಣಿನಿಯ ಸುಮಾರು ೪೦೦೦ ಸೂತ್ರಗಳು ಹಿಡಿದ ದಾರಿ ಇದಕ್ಕೆ ವಿಪರೀತವಾದುದು. ಅವು ಪದವನ್ನು ಬಿಡಿಸುವುದಿಲ್ಲ. ಪ್ರಕೃತಿಗೆ ಪ್ರತ್ಯಯವನ್ನು ಹತ್ತಿಸಿ, ಆಗಮ ಆದೇಶ ಲೋಪಗಳನ್ನು ವಿಧಿಸಿ, ಕೊನೆಗೆ ಪ್ರಯೋಗಾರ್ಹವಾದ ಪದವನ್ನು ಸಿದ್ಧಪಡಿಸುತ್ತವೆ.

ಕನ್ನಡ ವೈಯಾಕರಣರೂ ಇದೇ ಮಾರ್ಗವನ್ನು ಹಿಡಿದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣವು ಸಂಸ್ಕೃತ ಸೂತ್ರರೂಪದಲ್ಲಿದೆ. ಸುಮಾರು ಕ್ರಿ. ಶ. ೧೨೬೦ರಲ್ಲಿದ್ದ ಕೇಶಿರಾಜನು ಶಬ್ದಮಣಿದರ್ಪಣವನ್ನು ಕನ್ನಡದಲ್ಲಿಯೇ, ಕಂದಪದ್ಯಗಳಲ್ಲಿ ರಚಿಸಿ, ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯವೆಂಬ ಪ್ರಕರಣಗಳಲ್ಲಿ ಶಬ್ದಸಿದ್ಧಿಯನ್ನು ನಿರೂಪಿಸಿದನು. ೧೬೦೪ರಲ್ಲಿ ಭಟ್ಟಾಕಳಂಕನು ೫೯೨ ಸಂಸ್ಕೃತ ಸೂತ್ರಗಳಿಂದ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದನು. ಈ ಮೂವರ ಉದ್ದೇಶವೂ ಸಾಧುವಾದ ಪದವನ್ನು ಕಟ್ಟುವ ಬಗೆಯನ್ನು ಕಲಿಸುವುದೇ ಹೊರತು, ಕಟ್ಟಿದ ಪದವನ್ನು ಬಿಚ್ಚುವ ಬಗೆಯನ್ನು ಕಲಿಸುವುದಲ್ಲ. ಬಿಚ್ಚುವ ಕೆಲಸವನ್ನು ಟೀಕಾಕಾರರೂ ಪಾಠ ಹೇಳುವ ಗುರುಗಳೂ ತಮ್ಮ ಸಂಸ್ಕಾರಬಲದಿಂದ ಮಾಡುತ್ತ ಬಂದರು. ‘ಮಳೆಗಾಲ’ವೆಂಬುದನ್ನು ಕಂಡೊಡನೆ ಮಳೆ ಮತ್ತು ಕಾಲವೆಂದು ನಾವು ಬಿಡಿಸುತ್ತೇವೆ; ‘ಕಂಬನಿ’ಯನ್ನು ಕಂಡರೆ ಕಣ್ ಮತ್ತು ಪನಿ ಎನ್ನುತ್ತೇವೆ. ಹೇಗೆ ಬಿಡಿಸಿದಿರೆಂದು ಶಿಷ್ಯನು ಕೇಳಿದರೆ ಕೂಡಿಸುವ ಸೂತ್ರವನ್ನೇ ಹೇಳಿ ಸುಮ್ಮನಾಗುತ್ತೇವೆ. ಸೂತ್ರವನ್ನು ಹಿಂದುಮುಂದಾಗಿ ನಡೆಸುವ ವಿಧಾನವು ಎಲ್ಲಿಯೂ ಬರೆದಿರಲಿಲ್ಲ.

ಯಂತ್ರಕ್ಕೆ ಸಂಸ್ಕಾರವಿಲ್ಲ. ಅದಕ್ಕೆ ಬಿಡಿಸುವ ವಿಧಾನವನ್ನು ಅಕ್ಷರಶಃ ಹೇಳಿಕೊಡಬೇಕು. ಆದುದರಿಂದ ನಮ್ಮಲ್ಲಿ ಬರೆಯದೆ ಉಳಿದಿದ್ದ ಶಾಸ್ತ್ರಭಾಗವನ್ನು ಬರೆಯುವ ಅವಶ್ಯಕತೆಯು ಗಣಕಯಂತ್ರದ ಕಾಲದಲ್ಲಿ ಉಂಟಾಯಿತು.

೩. ಹೆಲ್ಸಿಂಕಿಯ ಸೂತ್ರಗಳು

ಈ ಭಾಗವು ಮೊದಲು ಬರೆಯಲ್ಪಟ್ಟುದು ಕನ್ನಡನಾಡಿನಲ್ಲಿ ಅಲ್ಲ, ಫಿನ್ಲೆಂಡಿನಲ್ಲಿ. ಇದಕ್ಕೆ ಭಾಷಾಕಾರಣವುಂಟು. ಫಿನ್ನಿಷ್ ಭಾಷೆಯು ಕನ್ನಡದಂತೆಯೇ ಪ್ರಕೃತಿಯ ಮುಂದೆ ಒಂದರ ಮೇಲೊಂದು ಪ್ರತ್ಯಯವನ್ನು ಪೋಣಿಸುವ ಭಾಷೆ. ಕಾಲ್ಡ್‌ವೆಲ್ ಪಂಡಿತನು ೧೮೫೬ರಷ್ಟು ಹಿಂದೆಯೇ ದ್ರಾವಿಡ ಭಾಷೆಗಳಿಗೂ ಫಿನ್ನಿಷ್ ಮೊದಲಾದವುಗಳಿಗೂ ಬಾಂಧವ್ಯವನ್ನು ಊಹಿಸಿದ್ದನು. ಆ ಬಾಂಧವ್ಯವು ಸಿದ್ಧವಾಗಲಿಲ್ಲ. ಆದರೆ ಪದಗಳ ಆಕಾರದಲ್ಲಿರುವ ಸಾದೃಶ್ಯವು ಸುಳ್ಳಲ್ಲ. ಇಂಗ್ಲಿಷ್ ಭಾಷೆಗೆ ಪದಗಳ ಪಟ್ಟಿಯೊಂದನ್ನು ಮಾಡಿಟ್ಟರೆ ಬಹುಮಟ್ಟಿಗೆ ಕೆಲಸ ಸಾಗುವುದು. ಫಿನ್ನಿಷಿಗಾಗಲಿ ಕನ್ನಡಕ್ಕಾಗಲಿ ಅದು ಸಾಗದು. ‘ಮಾಡು’ ಎಂಬ ಒಂದೇ ಧಾತುವಿನಿಂದ ಮಾಡಿದನು, ಮಾಡುತ್ತಿದ್ದನು, ಮಾಡಿಸಲಿಲ್ಲವೆ, ಮಾಡಿಕೊಂಡವರಿಂದಲೂ ಎಂದು ಬೆಳೆಯುತ್ತ ಹೋಗುವ ರೂಪಗಳನ್ನು ಯಾವ ಕೋಶದಲ್ಲಿ ತುಂಬಲಾದೀತು?

೧೯೮೩ರಲ್ಲಿ ಹೆಲ್ಸಿಂಕಿಯ ಕಿಮ್ಮೊ ಕೊಸ್ಕೆನ್ನಿಯೆಮಿ ಎಂಬ ವಿದ್ವಾಂಸರು ಪದರಚನೆಗೆ ಎರಡು ನೆಲೆಗಳ ಸಿದ್ಧಾಂತವೊಂದನ್ನು ಮಂಡಿಸಿದರು. ಅದರ ಸಾರವನ್ನು ನಮ್ಮ ಪರಿಭಾಷೆಯಲ್ಲಿ ಹೀಗೆ ಹೇಳಬಹುದು. ಮೇಲಿನ ನೆಲೆಯಲ್ಲಿ ಪ್ರಕೃತಿ ಮತ್ತು ಪ್ರತ್ಯಯಗಳು ಸಂಧಿಯಾಗದೆ ನಿಂತಿರುತ್ತವೆ: ಮನೆ, ಅಲ್ಲಿ. ಕೆಳಗಿನ ನೆಲೆಯಲ್ಲಿ ಪ್ರಯೋಗದ ರೂಪವಿರುತ್ತದೆ: ಮನೆಯಲ್ಲಿ. ಎರಡು ನೆಲೆಗಳ ಅಕ್ಷರಗಳನ್ನೂ ಜೋಡಿಜೋಡಿಯಾಗಿ ಸರಿತೂಗಿಸಿದರೆ ಕೆಳಗಿನ ಯಕಾರಕ್ಕೆ ಮೇಲೆ ಶೂನ್ಯವು ಎದುರಾಗುತ್ತದೆ, ಇದೇ ಯಕಾರಾಗಮ. ಮೇಲೆ ವರ್ಣವಿದ್ದು ಕೆಳಗೆ ಶೂನ್ಯವಾದರೆ ಲೋಪ. ಎರಡೂ ಕಡೆ ಬೇರೆಬೇರೆ ವರ್ಣಗಳಾದರೆ ಆದೇಶ. ಸೂತ್ರವೆಂದರೆ ಯಾವ ಜೋಡಿಯು ಯಾವ ಸನ್ನಿವೇಶದಲ್ಲಿ ಸಲ್ಲುವುದೆಂಬ ನಿಯಮ.

ಇಂಥ ನಿಯಮಗಳನ್ನು ಪರಿಮಿತವಾದ ಸ್ಥಿತಿಗಳುಳ್ಳ ಒಂದು ಯಂತ್ರವಾಗಿ ಮಾರ್ಪಡಿಸಬಹುದು. ಒಂದು ಮನೆಯಲ್ಲಿ ಹಲವು ಕೋಣೆಗಳಿವೆಯೆಂದೂ, ಪ್ರತಿ ಬಾಗಿಲಿನ ಮೇಲೆ ಒಂದೊಂದು ಅಕ್ಷರದ ಜೋಡಿ ಬರೆದಿದೆಯೆಂದೂ ಭಾವಿಸಬೇಕು. ಮೇಲಿನ ಅಕ್ಷರಗಳನ್ನು ಓದುತ್ತ ತಲೆಬಾಗಿಲಿನಿಂದ ಹಿತ್ತಿಲ ಬಾಗಿಲಿನವರೆಗೆ ನಡೆದರೆ ಕೆಳಗಿನ ಅಕ್ಷರಗಳು ಪದರೂಪವನ್ನು ಕೊಡುತ್ತವೆ. ಕೆಳಗಿನವನ್ನು ಓದುತ್ತ ಅದೇ ಬಾಗಿಲುಗಳಲ್ಲಿ ನಡೆದರೆ ಮೇಲಿನವು ಪ್ರಕೃತಿ-ಪ್ರತ್ಯಯಗಳನ್ನು ಕೊಡುತ್ತವೆ. ಕೂಡಿಸುವ ಸೂತ್ರವೇ ಬಿಡಿಸುವ ಸೂತ್ರವೂ ಆಗುವುದು ಈ ಯುಕ್ತಿಯಿಂದ. ಧ್ವನಿಪರಿವರ್ತನೆಯ ಸೂತ್ರಗಳಿಗೆ ಇಷ್ಟು ಯಂತ್ರವೇ ಸಾಕೆಂಬುದನ್ನು ಜಾನ್ಸನ್ ಎಂಬವರು ೧೯೭೨ರಲ್ಲಿಯೇ ತೋರಿಸಿದ್ದರು. ಕಪ್ಲನ್ ಮತ್ತು ಕೇ ಎಂಬವರು ಸ್ವತಂತ್ರವಾಗಿ ಕಂಡುಕೊಂಡು ೧೯೯೪ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು.

ಈ ಸಿದ್ಧಾಂತವು ಸಾಮಾನ್ಯ ವಿದ್ವಾಂಸರ ಕೈಗೆ ಬಂದುದು ತಂತ್ರಾಂಶಗಳ ರೂಪದಲ್ಲಿ. ೧೯೯೦ರಲ್ಲಿ ಎಸ್‌ಐಎಲ್ ಸಂಸ್ಥೆಯ ಇವಾನ್ ಆಂಟ್ವರ್ಥ್ ಅವರು ‘ಪಿಸಿ-ಕಿಮ್ಮೊ’ ಎಂಬುದನ್ನು ಹೊರತಂದರು. ಝೆರಾಕ್ಸ್ ಕಂಪನಿಯ ಸಂಶೋಧಕರು ಮಾಡಿದ ಸಮರ್ಥವಾದ ಸಾಧನಗಳು ೨೦೦೩ರಲ್ಲಿ ಬೀಸ್ಲಿ ಮತ್ತು ಕಾರ್ಟುನೆನ್ ಅವರ ಗ್ರಂಥದೊಡನೆ ದೊರೆತವಾದರೂ, ಅವುಗಳ ಉಪಯೋಗವು ವಾಣಿಜ್ಯೇತರ ಕಾರ್ಯಕ್ಕೆ ಮಾತ್ರ ಸೀಮಿತವಾಗಿತ್ತು. ೨೦೦೯ರಲ್ಲಿ ಮಾನ್ಸ್ ಹುಲ್ಡೆನ್ ಅವರು ಅದೇ ಸೂತ್ರಭಾಷೆಯನ್ನು ಅಂಗೀಕರಿಸುವ ‘ಫೋಮಾ’ ಎಂಬ ತಂತ್ರಾಂಶವನ್ನು ಮುಕ್ತವಾಗಿ ಪ್ರಕಟಿಸಿದರು. ಇಂದು ಯಾವ ಬಡ ವಿದ್ಯಾರ್ಥಿಯೂ ಅದನ್ನು ಬೆಲೆ ಕೊಡದೆ ಪಡೆಯಬಹುದು, ಒಳಗಿನ ಬರಹವನ್ನು ಓದಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು.

೪. ಕನ್ನಡಕ್ಕೆ ಬಂದ ಬಗೆ

ಭಾರತದಲ್ಲಿ ಈ ಕಾರ್ಯಕ್ಕೆ ಕೈಹಾಕಿದವರಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿನೀತ ಚೈತನ್ಯ ಮತ್ತು ರಾಜೀವ ಸಂಗಲ್ ಅವರನ್ನು ಮೊದಲು ಸ್ಮರಿಸಬೇಕು. ಅವರು ೧೯೮೦ರ ದಶಕದಲ್ಲಿ ಆರಂಭಿಸಿದ ‘ಅನುಸಾರಕ’ವೆಂಬ ಭಾಷಾಂತರ ಸಾಧನದ ಮೊದಲ ಪ್ರಯೋಗಗಳು ಕನ್ನಡದಿಂದ ಹಿಂದಿಗೆ ಮಾಡಿದವು ಎಂಬುದು ನಮಗೆ ವಿಶೇಷವಾಗಿ ಗಮನಾರ್ಹ. ಮುಂದೆ ಈ ಕಾರ್ಯವು ಹೈದರಾಬಾದಿಗೆ ಹೋಗಿ ಇತರ ಭಾಷೆಗಳಿಗೂ ವಿಸ್ತರಿಸಿ, ಮುಕ್ತ ಪರವಾನಗಿಯ ಮೇಲೆ ಲೋಕಕ್ಕೆ ಅರ್ಪಿತವಾಯಿತು. ಅವರು ೧೯೯೫ರಲ್ಲಿ ಅಕ್ಷರ ಭಾರತಿಯೆಂಬ ಸಮೂಹನಾಮದೊಡನೆ ಪ್ರಕಟಿಸಿದ ಗ್ರಂಥದಲ್ಲಿ ಪಾಣಿನೀಯ ದೃಷ್ಟಿಯಿಂದ ಭಾಷಾಯಂತ್ರವನ್ನು ಕಟ್ಟುವ ಬಗೆಯು ವಿವರಿಸಲ್ಪಟ್ಟಿದೆ.

ಅಲ್ಲಿ ಪದವಿಚ್ಛೇದಕ್ಕೆ ಅವರು ಹಿಡಿದ ದಾರಿಯು ಪಾಠಶಾಲೆಯಲ್ಲಿ ಓದಿದವರಿಗೆ ಹೊಸದಲ್ಲ. ಬಾಲಕರಾಗಿದ್ದಾಗ ನಾವು ರಾಮಶಬ್ದವನ್ನು ಏಳು ವಿಭಕ್ತಿಗಳಲ್ಲಿ ಕಂಠಪಾಠ ಮಾಡಿ, ಕೃಷ್ಣ, ವೃಕ್ಷ, ಗ್ರಾಮ ಮೊದಲಾದವು ರಾಮಶಬ್ದದಂತೆಯೇ ಎಂದು ತಿಳಿಯುತ್ತಿದ್ದೆವು. ಅವರೂ ಹಾಗೆಯೇ ಒಂದೊಂದು ವರ್ಗಕ್ಕೆ ಒಂದೊಂದು ಮಾದರಿ ಪದದ ರೂಪಾವಳಿಯನ್ನು ಯಂತ್ರಕ್ಕೆ ಕೊಟ್ಟು, ಪ್ರಕೃತಿಯ ಕೊನೆಯಿಂದ ಎಷ್ಟು ಅಕ್ಷರಗಳನ್ನು ತೆಗೆದು ಯಾವುದನ್ನು ಸೇರಿಸಿದರೆ ರೂಪಸಿದ್ಧಿಯಾಗುವುದೆಂಬುದನ್ನು ಅದರಿಂದಲೇ ಎಣಿಸಿ ತೆಗೆಸಿದರು. ಉಳಿದ ಪದಗಳಿಗೆ ಇದು ಇಂಥದರಂತೆ ಎಂದು ಗುರುತು ಹಾಕಿದರೆ ಸಾಕು. ಹೈದರಾಬಾದ್ ವಿಶ್ವವಿದ್ಯಾಲಯದ ಕವಿ ನಾರಾಯಣಮೂರ್ತಿಯವರು ೧೯೯೯ರಲ್ಲಿ ಪದಗಳನ್ನು ಬಿಡಿಸುವುದಕ್ಕೂ ಕಟ್ಟುವುದಕ್ಕೂ ಒದಗುವ ಜಾಲರೂಪದ ಮಾದರಿಯೊಂದನ್ನು ಮಂಡಿಸಿದರು. ೨೦೦೭ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ವಿಕ್ರಮ್ ಮತ್ತು ಶಾಲಿನಿ ಅರಸ್ ಅವರು ಪರಿಮಿತಸ್ಥಿತಿ ಯಂತ್ರವನ್ನಾಶ್ರಯಿಸಿದ ಕನ್ನಡ ಪದವಿಶ್ಲೇಷಕದ ಪ್ರಾಥಮಿಕ ರೂಪವನ್ನು ವರ್ಣಿಸಿದರು. ಸಂಸ್ಕೃತಕ್ಕೆ ಪ್ಯಾರಿಸಿನ ಜೆರಾರ್ ಯುಯೆ ಅವರೂ ಹೈದರಾಬಾದಿನ ಅಂಬಾ ಕುಲಕರ್ಣಿಯವರೂ ಮಾಡಿರುವ ಸಂಧಿವಿಚ್ಛೇದ ಸಾಧನಗಳು ಇಂದು ಪಾಠ ಹೇಳುವವರ ಉಪಯೋಗಕ್ಕೂ ಬಂದಿವೆ.

೫. ಸತ್ತೂರಿನಲ್ಲಿ ಮಾಡಿದ ಒಂದು ಪರೀಕ್ಷೆ

ಶಾಸ್ತ್ರವನ್ನು ಕೇಳಿ ತಿಳಿಯುವುದಕ್ಕಿಂತ ಕೈಯಾರೆ ಮಾಡಿ ನೋಡುವುದು ಮೇಲೆಂದು, ಗಣಕವಿದ್ಯೆಯನ್ನು ಓದುತ್ತಿದ್ದ ನೆರೆಮನೆಯ ಹುಡುಗನೊಬ್ಬನ ಸಹಾಯದಿಂದ ಈ ಲೇಖಕನು ಫೋಮಾದಲ್ಲಿ ಕೆಲವು ಸಂಧಿಸೂತ್ರಗಳನ್ನು ಬರೆಯಿಸಿದನು. ಮನೆ, ಗುರು, ಮರ, ಊರು ಎಂಬ ನಾಲ್ಕು ನಾಮಪ್ರಕೃತಿಗಳು. ಇಂದ, ಅಲ್ಲಿ ಎಂಬ ಎರಡು ಪ್ರತ್ಯಯಗಳು. ಯಕಾರ, ವಕಾರ, ದಕಾರಗಳ ಆಗಮಕ್ಕೆ ಒಂದೊಂದು ಸೂತ್ರ. ಉಕಾರಲೋಪಕ್ಕೆ ಒಂದು ಸೂತ್ರ. ಇಷ್ಟೇ ಸಾಮಗ್ರಿ.

ಮೊದಲ ತೊಡಕು ಲಿಪಿಯಲ್ಲಿಯೇ ಬಂದಿತು. ‘ಊರಲ್ಲಿ’ ಎಂಬಲ್ಲಿ ಪ್ರಕೃತಿ-ಪ್ರತ್ಯಯಗಳ ಗಡಿಯು ‘ರ’ ಎಂಬ ಒಂದೇ ಅಕ್ಷರದ ಹೊಟ್ಟೆಯಲ್ಲಿ, ವ್ಯಂಜನಕ್ಕೂ ಅದರಲ್ಲಿ ಅಡಗಿದ ಅಕಾರಕ್ಕೂ ನಡುವೆ ಬೀಳುತ್ತದೆ. ಗಣಕಯಂತ್ರದ ಸಂಕೇತಾವಳಿಯಲ್ಲಿ ಆ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ‘ಇ’ ಎಂಬ ಸ್ವರಕ್ಕೂ ಅದರ ಗುಣಿತದ ಚಿಹ್ನೆಗೂ ಬೇರೆಬೇರೆ ಸಂಕೇತಗಳಿವೆ. ಆದಕಾರಣ ಮೊದಲು ಅಕ್ಷರಗಳನ್ನು ವರ್ಣಗಳಾಗಿ ಒಡೆದುಕೊಳ್ಳಬೇಕಾಯಿತು. ಅಕ್ಷರವೇ ಬೇರೆ, ವರ್ಣವೇ ಬೇರೆ ಎಂದು ಪ್ರಾತಿಶಾಖ್ಯಗಳ ಕಾಲದಿಂದ ಹೇಳಿಕೊಂಡು ಬಂದ ಮಾತಿನ ಪ್ರಯೋಜನವು ಆಗ ಸ್ಪಷ್ಟವಾಯಿತು.

ಎರಡನೆಯ ತೊಡಕು ಸೂತ್ರಗಳ ಪೌರ್ವಾಪರ್ಯದ್ದು. ಆಗಮಸೂತ್ರವನ್ನು ಮೊದಲಿಟ್ಟಾಗ ‘ಗುರುವಿಂದ’ ಎಂಬುದು ಸರಿಯಾಗಿ ಬಂದಿತು; ಆದರೆ ‘ಊರುವಿಂದ’ ಎಂಬ ಅಸಾಧುರೂಪವೂ ಬಂದಿತು. ಲೋಪಸೂತ್ರವನ್ನು ಮೊದಲಿಟ್ಟಾಗ ‘ಊರಿಂದ’ ಎಂಬುದು ಸಾಧಿಸಿತು. ಆದರೆ ‘ಗುರಿಂದ’ ಎಂದಾಯಿತು. ಹುಡುಗನು ಊರು ಶಬ್ದವನ್ನು ಅಪವಾದವೆಂದು ಪಟ್ಟಿಮಾಡೋಣವೆಂದನು. ಹಾಗೆ ಮಾಡಿದರೆ ಹೆಸರು, ಕಾಲು, ಬೇರು, ನೀರು, ತೇರು ಎಂದು ಅಪವಾದಗಳಿಗೆ ಕೊನೆಯೇ ಇರುವುದಿಲ್ಲ. ಆಗ ಹಳಗನ್ನಡ ವ್ಯಾಕರಣದ ನೆನಪಾಯಿತು. ಅಲ್ಲಿ ಊರ್, ಪೆಸರ್, ಕಾಲ್, ಬೇರ್ ಇವೆಲ್ಲ ವ್ಯಂಜನಾಂತ ಪ್ರಕೃತಿಗಳು. ಗುರು ಎಂಬುದು ಸ್ವರಾಂತ. ಹೊಸಗನ್ನಡದ ಉಕಾರವು ಪದಾಂತದಲ್ಲಿ ಉಚ್ಚಾರಣೆಗಾಗಿ ಬಂದುದು, ಪ್ರಕೃತಿಯ ಅಂಶವಲ್ಲ. ಯಂತ್ರದ ಕೋಶದಲ್ಲಿ ‘ಊರು’ ಎಂಬುದನ್ನು ಅಳಿಸಿ ‘ಊರ್’ ಎಂದು ಬರೆದು, ಪದಾಂತದ ವ್ಯಂಜನದ ಮುಂದೆ ಉಕಾರಾಗಮವೆಂಬ ಒಂದು ಸೂತ್ರವನ್ನು ಸೇರಿಸಿದೊಡನೆ ಆ ವರ್ಗದ ಅಪವಾದಗಳೆಲ್ಲ ಕರಗಿಹೋದವು. ಏಳು ನೂರು ವರ್ಷಗಳಿಗೂ ಹಿಂದಿನ ವಿಭಾಗಕ್ರಮವೊಂದು ಹೊಸಗನ್ನಡದ ಗಂಟನ್ನು ಬಿಡಿಸಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಮೂರನೆಯದು ನಮ್ಮೂರಿನ ಹೆಸರಿನಿಂದಲೇ ಬಂದ ತೊಡಕು. ಈ ಸೀಮೆಯಲ್ಲಿ ಊರ ಹೆಸರನ್ನು ‘ಸತ್ತೂರ’ ಎಂದು ಅಕಾರಾಂತವಾಗಿ ಬರೆಯುವುದು ರೂಢಿ. ಹಾಗೆಯೇ ಕೋಶಕ್ಕೆ ಸೇರಿಸಿದಾಗ ಯಂತ್ರವು ಅದನ್ನು ಮರಶಬ್ದದಂತೆ ಎಣಿಸಿ ‘ಸತ್ತೂರದಿಂದ’ ಎಂದಿತು. ಊರ್ ಎಂಬ ಉತ್ತರಪದವುಳ್ಳ ಸಮಾಸವೆಂದು ತಿಳಿದವನು ‘ಸತ್ತೂರಿಂದ’ ಎನ್ನುವನು. ಆದರೆ ದಕಾರವುಳ್ಳ ಅಂಥ ರೂಪಗಳೂ ಈ ಭಾಗದ ಬರವಣಿಗೆಯಲ್ಲಿ ಕಣ್ಣಿಗೆ ಬೀಳುವುದುಂಟು. ಇವೆರಡರಲ್ಲಿ ಯಾವುದು ಸಾಧು, ಅಥವಾ ಎರಡೂ ಗ್ರಾಹ್ಯವೇ ಎಂಬುದು ಯಂತ್ರವು ತೀರ್ಮಾನಿಸುವ ಪ್ರಶ್ನೆಯಲ್ಲ. ಪ್ರಯೋಗವನ್ನು ಬಲ್ಲ ವೈಯಾಕರಣನು ತೀರ್ಮಾನಿಸಬೇಕಾದುದು.

ಕೊನೆಗೆ ಕೆಲವು ಧಾತುಗಳನ್ನೂ ಆಖ್ಯಾತಪ್ರತ್ಯಯಗಳನ್ನೂ ಸೇರಿಸಿ ಯಂತ್ರವನ್ನು ಹಿಂದುಮುಂದಾಗಿ ನಡೆಸಿದೆವು. ‘ಕೊಡಲಿ’ ಎಂದು ಕೊಟ್ಟರೆ ಆಯುಧವೆಂದೂ ಕೊಡು ಧಾತುವಿನ ವಿಧ್ಯರ್ಥವೆಂದೂ ಎರಡು ಉತ್ತರಗಳು ಬಂದವು. ‘ಇರುವೆ’ ಎಂಬುದಕ್ಕೆ ಕೀಟವೊಂದು, ಇರು ಧಾತುವಿನ ಉತ್ತಮಪುರುಷವೊಂದು. ‘ಬಂದರು’ ಎಂಬುದೂ ಹಾಗೆಯೇ. ವಾಕ್ಯಾರ್ಥವನ್ನರಿಯದೆ ಪದವನ್ನು ನಿರ್ಣಯಿಸಲಾಗದೆಂಬ ಹಿರಿಯರ ಮಾತನ್ನು ಯಂತ್ರವು ತನ್ನ ಬಗೆಯಲ್ಲಿ ಸಮರ್ಥಿಸಿತು.

೬. ಲಾಘವನ್ಯಾಯ

ಮೇಲಿನ ತಂತ್ರಾಂಶಗಳಲ್ಲಿ ಸೂತ್ರವನ್ನು ಮನುಷ್ಯನು ಬರೆಯಬೇಕು. ಸೂತ್ರವನ್ನು ಯಂತ್ರವೇ ಕಂಡುಹಿಡಿಯಬಲ್ಲುದೆ ಎಂಬ ಪ್ರಶ್ನೆಯೂ ಹುಟ್ಟಿತು. ಶಿಕಾಗೋ ವಿಶ್ವವಿದ್ಯಾಲಯದ ಜಾನ್ ಗೋಲ್ಡ್‌ಸ್ಮಿತ್ ಅವರು ೨೦೦೧ರಲ್ಲಿ ವಿವರಿಸಿದ ‘ಲಿಂಗ್ವಿಸ್ಟಿಕಾ’ ಎಂಬ ಉಚಿತ ತಂತ್ರಾಂಶವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಯಾವ ಭಾಷೆಯ ಗ್ರಂಥರಾಶಿಯನ್ನಾದರೂ ಅದಕ್ಕೆ ಕೊಟ್ಟರೆ, ವ್ಯಾಕರಣವನ್ನಾಗಲಿ ಕೋಶವನ್ನಾಗಲಿ ಕೇಳದೆ, ಪ್ರಕೃತಿಗಳ ಪಟ್ಟಿಯನ್ನೂ ಪ್ರತ್ಯಯಗಳ ಪಟ್ಟಿಯನ್ನೂ ಮಾಡಿಕೊಡುತ್ತದೆ.

ಅದು ಆಶ್ರಯಿಸುವ ತತ್ತ್ವವು ಫಿನ್ಲೆಂಡಿನ ಯೋರ್ಮ ರಿಸ್ಸಾನೆನ್ ಅವರು ೧೯೭೮ರಲ್ಲಿ ಪ್ರತಿಪಾದಿಸಿದ ಕನಿಷ್ಠವರ್ಣನೆಯ ತತ್ತ್ವ: ದತ್ತವಾದ ಸಾಮಗ್ರಿಯನ್ನು ಅತ್ಯಂತ ಚಿಕ್ಕದಾಗಿ ವರ್ಣಿಸಬಲ್ಲ ವ್ಯಾಕರಣವೇ ಉತ್ತಮ. ಉದಾಹರಣೆಗೆ ಮರ, ದೇಶ, ಗ್ರಾಮ ಎಂಬ ಮೂರಕ್ಕೆ ನಾಲ್ಕು ನಾಲ್ಕು ವಿಭಕ್ತಿರೂಪಗಳಿದ್ದರೆ ಪಟ್ಟಿಯಲ್ಲಿ ೧೨ ಪದಗಳಾಗುತ್ತವೆ. ಮೂರು ಪ್ರಕೃತಿ, ನಾಲ್ಕು ಪ್ರತ್ಯಯವೆಂದು ಬಿಡಿಸಿಟ್ಟರೆ ೭ ಘಟಕಗಳು ಸಾಕು. ಎಲ್ಲಿ ಬಿಡಿಸಿದರೆ ಇಂಥ ಉಳಿತಾಯವು ಹೆಚ್ಚುವುದೋ ಅಲ್ಲಿಯೇ ಯಂತ್ರವು ಪದವನ್ನು ಒಡೆಯುತ್ತದೆ. ಅರ್ಧಮಾತ್ರೆಯ ಲಾಘವವಾದರೂ ಪುತ್ರೋತ್ಸವದಂತೆ ಸಂತೋಷಪಡುವರೆಂದು ವೈಯಾಕರಣರನ್ನು ಕುರಿತು ಹೇಳುವ ಮಾತನ್ನು ಬಲ್ಲವರಿಗೆ ಈ ತತ್ತ್ವವು ಮನೆಯ ಮಗನಂತೆ ಕಾಣುವುದು ಸಹಜ.

ಆದರೆ ಲಾಘವವೊಂದೇ ಸಾಲದು. ಅಂಥ ಯಂತ್ರವು ‘ಮರದಿಂದ’ ಎಂಬುದರಲ್ಲಿ ‘ದಿಂದ’ವನ್ನೂ ‘ಮನೆಯಿಂದ’ ಎಂಬುದರಲ್ಲಿ ‘ಯಿಂದ’ವನ್ನೂ ಬೇರೆಬೇರೆ ಪ್ರತ್ಯಯಗಳೆಂದು ಎಣಿಸುತ್ತದೆ, ಎರಡರಲ್ಲಿಯೂ ಇರುವುದು ‘ಇಂದ’ವೊಂದೇ, ಉಳಿದುದು ಆಗಮವೆಂಬುದು ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಲಿಂಗ್ವಿಸ್ಟಿಕಾ ಪದವನ್ನು ಒಂದು ಪ್ರಕೃತಿ ಒಂದು ಪ್ರತ್ಯಯವೆಂದು ನೋಡುವುದರಿಂದ ಪ್ರತ್ಯಯಮಾಲೆಯುಳ್ಳ ಭಾಷೆಗಳಿಗೆ ಸಾಲದೆಂದು ಕಂಡು, ಫಿನ್ಲೆಂಡಿನ ಕ್ರಾಯ್ಟ್ಸ್ ಮತ್ತು ಲಾಗುಸ್ ಅವರು ೨೦೦೨ರಿಂದೀಚೆಗೆ ‘ಮೊರ್ಫೆಸ್ಸರ್’ ಎಂಬ ಇನ್ನೊಂದು ಮುಕ್ತ ಸಾಧನವನ್ನು ಬೆಳೆಸಿದರು. ಅದು ಪದವನ್ನು ಬೇಕಾದಷ್ಟು ತುಂಡುಗಳಾಗಿ ಬಿಡಿಸುತ್ತದೆ.

ಇಂದು ಲೋಕವೆಲ್ಲ ಬಳಸುತ್ತಿರುವ, ಪ್ರಶ್ನೆ ಕೇಳಿದರೆ ಉತ್ತರ ಬರೆಯುವ ಯಂತ್ರಗಳಾದರೋ ಇದಕ್ಕಿಂತಲೂ ಒರಟಾದ ಲಾಘವವನ್ನು ಅನುಸರಿಸುತ್ತವೆ. ೧೯೯೪ರಲ್ಲಿ ಫಿಲಿಪ್ ಗೇಜ್ ಎಂಬವರು ಕಡತಗಳನ್ನು ಕುಗ್ಗಿಸುವುದಕ್ಕಾಗಿ ಪ್ರಕಟಿಸಿದ ಉಪಾಯವೊಂದನ್ನು ೨೦೧೬ರಲ್ಲಿ ಯಂತ್ರಭಾಷಾಂತರಕ್ಕೆ ಅಳವಡಿಸಲಾಯಿತು. ಪಕ್ಕಪಕ್ಕದಲ್ಲಿ ಹೆಚ್ಚಾಗಿ ಬರುವ ಎರಡು ಸಂಕೇತಗಳನ್ನು ಒಂದಾಗಿ ಬೆಸೆಯುವುದು, ಹಾಗೆಯೇ ಬೆಸೆಯುತ್ತ ಹೋಗುವುದು, ಇಷ್ಟೇ ಅದರ ವಿಧಿ. ಪ್ರಕೃತಿಯಿಲ್ಲ, ಪ್ರತ್ಯಯವಿಲ್ಲ, ಸಂಧಿಯಿಲ್ಲ. ಕಲಿಸುವ ಗ್ರಂಥರಾಶಿಯಲ್ಲಿ ಇಂಗ್ಲಿಷ್ ಹೆಚ್ಚಾಗಿಯೂ ಕನ್ನಡ ಅತ್ಯಲ್ಪವಾಗಿಯೂ ಇದ್ದರೆ ಕನ್ನಡದ ಜೋಡಿಗಳು ಬೆಸೆಯಲ್ಪಡದೆ ಚೂರುಚೂರಾಗಿಯೇ ಉಳಿಯುತ್ತವೆ. ಬಹುಪ್ರಚಲಿತವಾದ ಸಂಕೇತಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟುಗಳು ಬೇಕಾಗುವುದರಿಂದ ‘ಮನೆಯಲ್ಲಿ’ ಎಂಬ ಪದವು ೮ ಚಿಹ್ನೆಗಳಾಗಿ ೨೪ ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಅದನ್ನು ಎಲ್ಲಿ ಕತ್ತರಿಸಿದರೂ ಕೇಳುವವರಿಲ್ಲ. ಕನ್ನಡವು ಯಂತ್ರದೊಳಗೆ ಪ್ರವೇಶಿಸುವ ಹೊಸ್ತಿಲಲ್ಲಿ ಇಂದು ಕುಳಿತಿರುವುದು ವ್ಯಾಕರಣವಲ್ಲ, ಎಣಿಕೆ ಮಾತ್ರ.

೭. ತಿದ್ದುವ ಅಧಿಕಾರ

ಈ ಚರಿತ್ರೆಯಿಂದ ಹೊರಡುವ ಮುಖ್ಯ ವಿಚಾರವನ್ನು ಇನ್ನು ಹೇಳಬೇಕು. ಶಬ್ದಮಣಿದರ್ಪಣದ ಪೀಠಿಕೆಯಲ್ಲಿ ಕೇಶಿರಾಜನು ತನ್ನ ಶಾಸ್ತ್ರದಲ್ಲಿ ಓರೆಕೋರೆಗಳು ಕಂಡುಬಂದರೆ ದೋಷವನ್ನು ಕಳೆದು ತಿದ್ದಿ ಗುಣವನ್ನು ಗ್ರಹಿಸಬೇಕೆಂದು ವಿಬುಧರನ್ನು ಪ್ರಾರ್ಥಿಸುತ್ತಾನೆ. ಇದನ್ನು ನಾವು ಬರಿಯ ಕವಿಸಮಯದ ವಿನಯವೆಂದು ಓದಿ ದಾಟಿಬಿಡುತ್ತೇವೆ. ಆದರೆ ತಿದ್ದಬೇಕಾದರೆ ಗ್ರಂಥವು ಕೈಯಲ್ಲಿರಬೇಕು. ಸೂತ್ರವು ಕಣ್ಣಿಗೆ ಕಾಣಬೇಕು. ತಿದ್ದಿದ ಪಾಠವನ್ನು ಇನ್ನೊಬ್ಬರಿಗೆ ಬರೆದುಕೊಡುವ ಸ್ವಾತಂತ್ರ್ಯವಿರಬೇಕು. ಪ್ರತಿಕಾರರೂ ಲಿಂಗಣಾರಾಧ್ಯಾದಿ ಟೀಕಾಕಾರರೂ ಈ ಸ್ವಾತಂತ್ರ್ಯದಿಂದಲೇ ಶಬ್ದಮಣಿದರ್ಪಣವನ್ನು ನಮ್ಮವರೆಗೆ ತಲಪಿಸಿದರು. ಮುಂದೆ ಅದನ್ನು ಪರಿಷ್ಕರಿಸಿ ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಕಿಟೆಲ್ ಸಾಹೇಬರು ತಮ್ಮ ೧೯೦೩ರ ವ್ಯಾಕರಣವನ್ನು ಬಹುಭಾಗ ಅದರ ಮೇಲೆಯೇ ನಿಲ್ಲಿಸಿದರು. ೧೯೮೯ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಪ್ರಕಟಿಸಿದ ಮುಕ್ತ ತಂತ್ರಾಂಶದ ಸಾರ್ವಜನಿಕ ಪರವಾನಗಿಯು ವಿಧಿರೂಪದಲ್ಲಿ ಹೇಳುವುದೂ ಇದನ್ನೇ: ಓದು, ತಿದ್ದು, ಹಂಚು, ನಿನ್ನಿಂದ ಪಡೆದವನಿಗೂ ಅದೇ ಅಧಿಕಾರವನ್ನು ಕೊಡು. ಬೆಲೆಯಿಲ್ಲದಿರುವುದು ಅದರ ಮುಖ್ಯಾರ್ಥವಲ್ಲ; ತಿದ್ದುವ ಅಧಿಕಾರವೇ ಮುಖ್ಯಾರ್ಥ.

ಈ ಅಧಿಕಾರವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಮ್ಮದೇ ಒಂದು ವರ್ಣವು ಸಾಕ್ಷಿಯಾಗಿದೆ. ಹಳಗನ್ನಡದ ೞಕಾರವನ್ನು ಯುನಿಕೋಡ್ ಸಂಕೇತಾವಳಿಯಲ್ಲಿ ಸೇರಿಸುವಾಗ ಅದಕ್ಕೆ ತಪ್ಪಾಗಿ ‘ಕನ್ನಡ ಅಕ್ಷರ ಫಾ’ ಎಂದು ಹೆಸರಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ಕಟ್ಟಳೆಯಾದುದರಿಂದ ಆ ಹೆಸರು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಬರೆದುಕೊಳ್ಳಲು ಮಾತ್ರ ಸಾಧ್ಯವಾಯಿತು. ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಶ್ರಮಪಟ್ಟು ಪರಿಗಣಿಸಿ ಕೊಟ್ಟಿದ್ದಾನೆ. ಕನ್ನಡವನ್ನೋದಿದ ಒಬ್ಬನಾದರೂ ಸಕಾಲದಲ್ಲಿ ಆ ಪಟ್ಟಿಯನ್ನು ನೋಡಿದ್ದರೆ ಈ ತಪ್ಪು ಉಳಿಯುತ್ತಿರಲಿಲ್ಲ. ಇಲ್ಲಿ ಕೆಟ್ಟುದು ಒಂದು ಹೆಸರು ಮಾತ್ರ. ಪದವಿಚ್ಛೇದದ ಸೂತ್ರಗಳೇ ಮುಚ್ಚಿದ ಪೆಟ್ಟಿಗೆಯಲ್ಲಿ ತಪ್ಪಾಗಿ ಕುಳಿತರೆ ಆಗುವ ಹಾನಿಯು ಇದರ ನೂರ್ಮಡಿಯಾದೀತು.

ಇನ್ನೊಂದು ಬಗೆಯ ನಷ್ಟವೂ ಇದೆ. ಕನ್ನಡ ಪದವಿಶ್ಲೇಷಕಗಳನ್ನು ಕುರಿತು ಪ್ರಬಂಧಗಳು ಸಾಕಷ್ಟು ದೊರೆಯುತ್ತವೆ. ಆದರೆ ಅವುಗಳಲ್ಲಿ ವರ್ಣಿತವಾದ ಸಾಧನವನ್ನು ಪಡೆಯಹೋದರೆ ಹಲವೆಡೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಈ ಲೇಖಕನಿಗೂ ಹಾಗೆಯೇ ಆಯಿತು. ಇದು ಸಾಹಿತ್ಯಚರಿತ್ರೆಯಲ್ಲಿ ನಮಗೆ ಪರಿಚಿತವಾದ ದುರವಸ್ಥೆಯೇ. ಕೇಶಿರಾಜನು ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಮೊದಲಾದ ತನ್ನ ಕೃತಿಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ ಒಂದೂ ನಮಗೆ ದೊರೆತಿಲ್ಲ. ಉಳಿದುದು ಕೈಯಿಂದ ಕೈಗೆ ಪ್ರತಿಯಾದ ಶಬ್ದಮಣಿದರ್ಪಣವೊಂದೇ. ತಾಳೆಗರಿಯ ಕಾಲದಲ್ಲಿ ಪ್ರತಿಮಾಡುವುದು ತಿಂಗಳುಗಳ ಕೆಲಸವಾಗಿತ್ತು; ಇಂದು ಕ್ಷಣದ ಕೆಲಸ. ಆದರೂ ಇಪ್ಪತ್ತು ವರ್ಷದ ಹಿಂದಿನ ಸಾಧನವು ಹೆಸರುಳಿದು ಕಾಣೆಯಾಗುವುದಾದರೆ ಅದಕ್ಕೆ ಗೆದ್ದಲನ್ನು ದೂರುವಂತಿಲ್ಲ.

ಸತ್ಫಲದ ಉದಾಹರಣೆಯೂ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ರಚಿಸಿದ, ಒಂದೂವರೆ ಲಕ್ಷಕ್ಕೆ ಕಡಮೆಯಿಲ್ಲದ ಶಬ್ದಗಳುಳ್ಳ ಕನ್ನಡ-ಇಂಗ್ಲಿಷ್ ಕೋಶವು ೨೦೧೯ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಮುಕ್ತ ಪರವಾನಗಿಯ ಮೇಲೆ ಪ್ರಕಟವಾಯಿತು. ೧೮೯೪ರಲ್ಲಿ ಅಚ್ಚಾದ ಕಿಟೆಲ್ ಕೋಶವು ಸುಮಾರು ೭೦ ಸಾವಿರ ಶಬ್ದಗಳದು. ಪದವಿಚ್ಛೇದಯಂತ್ರಕ್ಕೆ ಬೇಕಾದ ಎರಡು ಅಂಗಗಳಲ್ಲಿ ಕೋಶವೆಂಬ ಅಂಗವು ಹೀಗೆ ಸಾರ್ವಜನಿಕರ ಸ್ವತ್ತಾಗಿದೆ. ಸೂತ್ರವೆಂಬ ಅಂಗವು ಇನ್ನೂ ಆಗಬೇಕಾಗಿದೆ.

೮. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಒಂದನೆಯದು, ಗಣಕಯಂತ್ರದ ಪದವಿಶ್ಲೇಷಣೆಯು ವ್ಯಾಕರಣಶಾಸ್ತ್ರದ ಮುಂದಿನ ಅಧ್ಯಾಯವೇ ಹೊರತು ಬೇರೊಂದು ಶಾಸ್ತ್ರವಲ್ಲ. ಆಗಮ, ಆದೇಶ, ಲೋಪ, ರೂಪಾವಳಿ, ಲಾಘವ ಇವೇ ಅದರ ಅಂಗಗಳು. ಎರಡನೆಯದು, ಹಳಗನ್ನಡ ವ್ಯಾಕರಣದ ಜ್ಞಾನವು ಹೊಸಗನ್ನಡದ ಯಂತ್ರಕ್ಕೆ ಪ್ರತ್ಯಕ್ಷವಾಗಿ ಉಪಕಾರಕವಾಗಿದೆ. ಮೂರನೆಯದು, ಸೂತ್ರಗಳು ಎಲ್ಲರಿಗೂ ಓದುವಂತೆಯೂ ತಿದ್ದುವಂತೆಯೂ ಇರುವ ತಂತ್ರಾಂಶದಲ್ಲಿ ಮಾತ್ರ ಆ ಉಪಕಾರವು ನೆರವೇರೀತು.

ಆದಕಾರಣ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಶಬ್ದಮಣಿದರ್ಪಣದ ಒಂದೊಂದು ಪ್ರಕರಣವನ್ನು ಸೂತ್ರಶಃ ಇಂಥ ಮುಕ್ತ ಸಾಧನದಲ್ಲಿ ಬರೆಯಿಸಿ ಪ್ರಕಟಿಸುವುದು ಉಚಿತ. ಸಂಧಿಪ್ರಕರಣದಿಂದ ಆರಂಭಿಸಬಹುದು. ಇದಕ್ಕೆ ಹೆಚ್ಚಿನ ದ್ರವ್ಯವೂ ಬೇಡ, ದೊಡ್ಡ ಯಂತ್ರವೂ ಬೇಡ; ಸತ್ತೂರಿನ ಪಡಸಾಲೆಯಲ್ಲಿ ಒಬ್ಬ ಪಂಡಿತನೂ ಒಬ್ಬ ವಿದ್ಯಾರ್ಥಿಯೂ ಕೂಡಿ ಕುಳಿತರೆ ನಾಲ್ಕು ಸೂತ್ರಗಳು ನಡೆದವು. ಆ ಸೂತ್ರಗಳಲ್ಲಿಯೂ ಈ ಲೇಖನದಲ್ಲಿಯೂ ಇರಬಹುದಾದ ತಪ್ಪುಗಳನ್ನು ವಿದ್ವಾಂಸರು ತಿದ್ದಿ ತಿಳಿಸಿದರೆ ಈ ಲೇಖಕನು ಕೃತಜ್ಞನಾಗಿರುವನು.